ಕ್ಲಬ್ಬಿನಲ್ಲಿ ನಾನು ಎತ್ತಿದ ಕೈ

ನಮ್ಮ ಮನೆಯಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಎಲ್ಲವೂ ನನ್ನ ಹೆಂಡತಿ ಬೆರಿಲ್‌ಳವು. ಮದುವೆಯಾಗಿ ಮೂವತ್ತಾರು ವರ್ಷವಾಯಿತು. ಪರದೆಯ ಬಣ್ಣ, ಮಗಳ ಹೆಸರು, ಬ್ಲ್ಯಾಕ್‌ಪೂಲ್ ಪ್ರವಾಸದ ವಾರ, ನನ್ನ ಬೈತಲೆ ಎಡಕ್ಕೋ ಬಲಕ್ಕೋ, ಒಂದರ ಬಗ್ಗೆಯೂ ನನ್ನನ್ನು ಯಾರೂ ಕೇಳಿದ್ದಿಲ್ಲ. (ಈಗ ಬೈತಲೆ ತೆಗೆಯುವಷ್ಟು ಕೂದಲಿಲ್ಲ. ಅದೂ ನನ್ನನ್ನು ಕೇಳಿ ಉದುರಲಿಲ್ಲ.)

ಹೀಗಿರುವಾಗ ೨೦೦೫ರ ಅಕ್ಟೋಬರ್‌ನಲ್ಲಿ ಇಡೀ ಇಂಗ್ಲೆಂಡು ನನ್ನ ಅಭಿಪ್ರಾಯಕ್ಕಾಗಿ ಕಾದು ಕುಳಿತಂತೆ ಕಂಡಿತು. ಪಬ್ಬು, ಕ್ಲಬ್ಬುಗಳಲ್ಲಿ ಸಿಗರೇಟು ಸೇದುವುದನ್ನು ನಿಷೇಧಿಸಬೇಕೋ ಬೇಡವೋ? ರೇಡಿಯೊ ಕೇಳಿತು, ಪತ್ರಿಕೆಗಳು ಕೇಳಿದವು. ಕೊನೆಗೆ ಒಂದು ಶನಿವಾರ ನಮ್ಮೂರ ಸಂತೆಯಲ್ಲಿ, ಚೀಸ್ ಅಂಗಡಿಯ ಮುಂದೆ, ರಟ್ಟಿಗೆ ಕಾಗದ ಸಿಕ್ಕಿಸಿಕೊಂಡಿದ್ದ ಹೆಂಗಸೊಬ್ಬಳು ನನ್ನನ್ನೇ ತಡೆದು ನಿಲ್ಲಿಸಿದಳು.

"ಒಂದೇ ನಿಮಿಷ ಸಾರ್. ನಿಷೇಧದ ಬಗ್ಗೆ ನಿಮ್ಮ ಅಭಿಪ್ರಾಯ?"

ನಾನು ಗಂಟಲು ಸರಿಮಾಡಿಕೊಂಡೆ.

"ಇವನು ನಿಷೇಧದ ಪರ," ಎಂದಳು ಬೆರಿಲ್. "ಹೆಸರು ಹಾವರ್ತ್, ಬರ್ಕೊಳ್ಳಿ. ಕ್ಲಿಫ್, ಈರುಳ್ಳಿ ಚೀಲ ನೆಲಕ್ಕೆ ಉಜ್ತಾ ಇದೆ, ಎತ್ಕೊ."

ಹೀಗೆ ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಸಾರ್ವಜನಿಕ ಅಭಿಪ್ರಾಯವಾಗಿಬಿಟ್ಟಿದ್ದೆ.

ಇಲ್ಲೊಂದು ಗುಟ್ಟು ಹೇಳಬೇಕು. ಮನೆಯ ದಾಖಲೆಯ ಪ್ರಕಾರ ನಾನು ಸಿಗರೇಟು ಬಿಟ್ಟು ನಾಲ್ಕು ವರ್ಷವಾಗಿತ್ತು. ಮಿಲ್ ಲೇನ್ ಕಾರ್ಮಿಕರ ಕ್ಲಬ್ಬಿನ ದಾಖಲೆ ಬೇರೆ. ಅಲ್ಲಿ ದಿನಕ್ಕೆರಡು ಸೇದುತ್ತಿದ್ದೆ. (ಆರು.) ಬೆರಿಲ್ ನನ್ನ ಕೋಟು ಮೂಸಿದಾಗಲೆಲ್ಲ, "ಅಲ್ಲಿ ಎಲ್ರೂ ಸೇದ್ತಾರೆ, ವಾಸನೆ ನಮಗೂ ಅಂಟುತ್ತೆ, ಏನ್ ಮಾಡೋದು?" ಎನ್ನುತ್ತಿದ್ದೆ. ಯಾರೂ ಸೇದದ ಕ್ಲಬ್ಬಿನಿಂದ ವಾಸನೆ ಹೊತ್ತು ಬಂದರೆ ಆ ಉತ್ತರ ನಡೆಯುವುದಿಲ್ಲ. ದೇಶದ ಜನ ಸ್ವಾತಂತ್ರ್ಯ, ಆರೋಗ್ಯ ಎಂದು ವಾದಿಸುತ್ತಿದ್ದಾಗ ನನ್ನ ತತ್ವವೆಲ್ಲ ಆ ಒಂದು ಕೋಟಿನಲ್ಲಿತ್ತು.

ಬೆರಿಲ್‌ಳ ಕಾರಣ ಬೇರೆ. ಅವಳ ತಂಗಿ ಗ್ಲೆಂಡಾ ಹತ್ತೊಂಬತ್ತು ವರ್ಷದಿಂದ ಅದೇ ಕ್ಲಬ್ಬಿನ ಬಾರಿನ ಹಿಂದೆ ನಿಂತು ಬಿಯರ್ ಸುರಿಯುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ದಮ್ಮು ಎಳೆದವಳಲ್ಲ. ಆದರೂ ಭಾನುವಾರ ನಮ್ಮಲ್ಲಿ ಊಟಕ್ಕೆ ಬಂದರೆ ಮಹಡಿ ಹತ್ತುವಾಗ ಅರ್ಧದಲ್ಲಿ ಕೂತು ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಎದೆಯ ಡಾಕ್ಟರು ದಿನಕ್ಕೆ ಎಷ್ಟು ಪ್ಯಾಕ್ ಸೇದುತ್ತೀರಿ ಎಂದು ಕೇಳಿದರಂತೆ. ಒಂದೂ ಇಲ್ಲ ಎಂದಾಗ, ಸುಳ್ಳು ಹೇಳುವ ಮಗುವನ್ನು ನೋಡುವ ಹಾಗೆ ನೋಡಿದರಂತೆ.

ಖಾಸಗಿ ಕ್ಲಬ್ಬುಗಳನ್ನು ನಿಷೇಧದಿಂದ ಹೊರಗಿಟ್ಟು ತೀರ್ಮಾನವನ್ನು ಸದಸ್ಯರಿಗೇ ಬಿಡುತ್ತಾರೆಂಬ ಸುದ್ದಿ ಆಗ ಇತ್ತು. ನಮ್ಮ ಕಾರ್ಯದರ್ಶಿ ವಾಲ್ಟರ್ ಪಿಕಪ್ (ಪಿಕಪ್ ಎನ್ನುವುದು ಮನೆತನದ ಹೆಸರು, ಗಾಡಿಯದಲ್ಲ, ಮನುಷ್ಯ ಮಾತ್ರ ಗಾಡಿಯಷ್ಟೇ ಅಗಲ) ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಸದಸ್ಯರ ಸಭೆ ಕರೆದ. ಕೈ ಎತ್ತಿ ಮತ ಹಾಕಬೇಕು. ಸದಸ್ಯರೆಂದರೆ ಗಂಡಸರು. ಹೆಂಗಸರು ಬಂದು ಬಿಂಗೊ ಆಡಬಹುದು, ಹಾಡಬಹುದು, ಕ್ರಿಸ್‌ಮಸ್‌ಗೆ ಬಣ್ಣದ ಕಾಗದ ಕಟ್ಟಬಹುದು. ಮತವಿಲ್ಲ.

"ಮೂವತ್ತು ವರ್ಷ ಅಲ್ಲಿ ಬಿಂಗೊ ಆಡಿದೀನಿ, ನಂಗೆ ಎತ್ತೋಕೆ ಕೈ ಇಲ್ಲ," ಎಂದಳು ಬೆರಿಲ್, ಕುರಿಮಾಂಸಕ್ಕೆ ಉಪ್ಪು ತಿಕ್ಕುತ್ತಾ. "ಅದಕ್ಕೇ ನಿನ್ ಕೈ ಎತ್ತು. ಅದು ನಂದೇ ಅಂತ ತಿಳ್ಕೊ, ಸುಮ್ನೆ ನಿನ್ ಭುಜಕ್ಕೆ ಅಂಟ್ಕೊಂಡಿದೆ ಅಷ್ಟೆ."

"ಗ್ಲೆಂಡಾಗೋಸ್ಕರ ತಾನೆ? ಎತ್ತದೆ ಇರ್ತೀನಾ?"

"ಮಾತೂ ಆಡು. ಇಲ್ಲಿ ಬರ್ದಿದೀನಿ ನೋಡು." ಒಂದು ಚೀಟಿಯನ್ನು ನನ್ನ ಮೇಲುಜೇಬಿಗೆ ತುರುಕಿದಳು. ಆಣೆ ಮಾಡಿ ಹೇಳುತ್ತೇನೆ, ಮನೆಯಿಂದ ಹೊರಟಾಗ ಅದನ್ನು ಓದುವ ಉದ್ದೇಶವೇ ನನಗಿತ್ತು.

ಸಭೆಯಲ್ಲಿ ಎಪ್ಪತ್ತು ಜನ ಸೇರಿದ್ದರು. ಹೊಗೆಯಲ್ಲಿ ಎದುರುಗೋಡೆಯ ರಾಣಿಯ ಪಟ ಕಾಣುತ್ತಿರಲಿಲ್ಲ. ವಾಲ್ಟರ್ ಕಾಲು ಗಂಟೆ ಗುಡುಗಿದ ಮೇಲೆ ನನ್ನ ಕಡೆ ಕೈ ಚಾಚಿದ. "ನಮ್ ಕ್ಲಿಫ್‌ನ ಕೇಳಿ. ಮನೇಲಿ ಸಿಗರೇಟು ಬಿಟ್ಟಿದಾನೆ, ಪಾಪ. ಆದ್ರೂ ನಮ್ ಜೊತೆಗಿದಾನೆ. ಏಳಪ್ಪಾ, ನಾಲ್ಕು ಮಾತು ಹೇಳು."

ಎದ್ದೆ. ಕೈ ಜೇಬಿಗೆ ಹೋಯಿತು. ಚೀಟಿ ಬೆರಳಿಗೆ ತಾಕಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಬೆರಿಲ್ ಅಪ್ಪಣೆ ಕೊಟ್ಟಿದಾಳೇನೋ ಮಾತಾಡೋಕೆ?" ಎಂದರು. ಎಪ್ಪತ್ತು ಜನವೂ ನಕ್ಕರು. ನನ್ನ ಕೈ ಜೇಬಿನಿಂದ ಬರಿಗೈಯಾಗಿ ಹೊರಬಂತು.

ಆಮೇಲೆ ನನ್ನ ಬಾಯಿಂದ ಬಂದದ್ದನ್ನು ನಾನೂ ಎಲ್ಲರ ಜೊತೆ ಆಶ್ಚರ್ಯದಿಂದ ಕೇಳಿದೆ. "ಗೆಳೆಯರೇ, ನಮ್ಮಪ್ಪಂದಿರು ಯುದ್ಧ ಮಾಡಿದ್ದು ಯಾಕೆ? ಬೆವರು ಸುರಿಸಿ ದುಡಿದೋನು ಒಂದು ಗ್ಲಾಸು ಮುಂದಿಟ್ಕೊಂಡು ನೆಮ್ಮದಿಯಾಗಿ ಒಂದು ದಮ್ಮು ಎಳೀಲಿ ಅಂತ ತಾನೆ?" ಚಪ್ಪಾಳೆ ಬಿತ್ತು. ಅರವತ್ತೊಂದು ವರ್ಷದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ. ಬಿಯರ್‌ಗಿಂತ ಬೇಗ ತಲೆಗೇರುತ್ತದೆ ಅದು. ಭಾಷಣದಲ್ಲಿ ನಾನು ಎತ್ತಿದ ಕೈ ಎಂದು ನನಗೇ ತಿಳಿದಿರಲಿಲ್ಲ. ಇನ್ನಷ್ಟು ಬೇಕೆನಿಸಿತು.

"ಬಾರಲ್ಲಿ ಕೆಲ್ಸ ಮಾಡೋರಿಗೆ ತೊಂದ್ರೆ ಅಂತಾರೆ. ಯಾರ್ ದೂರಿದಾರೆ? ಒಬ್ರೂ ದೂರಿಲ್ಲ. ನನ್ ನಾದಿನಿ ಗ್ಲೆಂಡಾ ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದಾಳೆ. ಅವಳನ್ನೇ ಕೇಳಿ."

ಎಪ್ಪತ್ತು ತಲೆಗಳು ಬಾರಿನ ಕಡೆ ತಿರುಗಿದವು. ಗ್ಲೆಂಡಾ ಖಾಲಿ ಗ್ಲಾಸುಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಸಂಬಳ ಕೊಡುವವರೆಲ್ಲ ಎದುರಿಗಿದ್ದರು. ಅವಳು ಬಾಯಿ ತೆರೆದಳು. ಮಾತಿನ ಬದಲು ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ತಟ್ಟೆಯ ಗ್ಲಾಸುಗಳು ಒಂದಕ್ಕೊಂದು ತಾಗಿ ಗಲಗಲ ಎಂದವು. ಅವಳು ತಟ್ಟೆ ಕೆಳಗಿಟ್ಟು, ಏನಿಲ್ಲ ಏನಿಲ್ಲ ಎಂಬಂತೆ ಕೈಯಾಡಿಸಿ, ನಕ್ಕಂತೆ ಮಾಡಿ ಹಿಂಬಾಗಿಲಿನಿಂದ ಹೊರಗೆ ಹೋದಳು.

"ಸರಿ, ನಿಷೇಧ ಬೇಡ ಅನ್ನೋರು ಕೈ ಎತ್ತಿ," ಎಂದ ವಾಲ್ಟರ್.

ಎತ್ತಿದೆ. ಎತ್ತಬಾರದಿತ್ತು. ಕುರ್ಚಿಯ ಕೆಳಗೆ ತೂರಿಕೊಳ್ಳಬೇಕು ಅನಿಸುತ್ತಿದ್ದರೂ ಕೈ ಮಾತ್ರ ಮೇಲೇ ಇತ್ತು.

ಮನೆಗೆ ಬಂದಾಗ ಬೆರಿಲ್ ಒಲೆಯ ಮುಂದಿದ್ದಳು. "ಎತ್ತಿದ್ಯಾ?"

"ಎತ್ತಿದೆ," ಎಂದೆ. (ಅಕ್ಷರಶಃ ನಿಜ.)

ಮೂರು ಗಂಟೆಗೆ ಗ್ಲೆಂಡಾ ಊಟಕ್ಕೆ ಬಂದಳು. ಬೆರಿಲ್ ಕೇಳಿಯೇ ಕೇಳಿದಳು. "ಹೇಗ್ ಮಾತಾಡ್ದ ನಮ್ ಶೂರ?"

ಗ್ಲೆಂಡಾ ಕರವಸ್ತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಚೆನ್ನಾಗ್ ಮಾತಾಡ್ದ. ಎಲ್ರೂ ಚಪ್ಪಾಳೆ ಹೊಡೆದ್ರು. ನನ್ ಹೆಸರೂ ಹೇಳ್ದ."

ಬೆರಿಲ್ ನನ್ನನ್ನು ನೋಡಿದ ನೋಟ ನಮ್ಮ ಮದುವೆಯ ಫೋಟೊದಲ್ಲಿ ಮಾತ್ರ ಇದೆ. ತಟ್ಟೆಯಲ್ಲಿದ್ದ ಗರಿಗರಿ ಆಲೂಗಡ್ಡೆಗಳನ್ನೆಲ್ಲ ಆರಿಸಿ ಆರಿಸಿ ನನಗೇ ಬಡಿಸಿದಳು. ಗ್ಲೆಂಡಾ ಗ್ರೇವಿಯನ್ನು ನನ್ನ ಕಡೆ ಸರಿಸಿದಳು. ನಾನು ತಲೆ ತಗ್ಗಿಸಿ ತಿಂದೆ.

ಬಸ್ ನಿಲ್ದಾಣದವರೆಗೆ ಅವಳ ಜೊತೆ ಹೋದೆ. "ಯಾಕ್ ಹೇಳ್ಲಿಲ್ಲ ಗ್ಲೆಂಡಾ?"

"ಅವಳು ಎಷ್ಟ್ ಖುಷಿಯಾಗಿದ್ಲು ನೋಡ್ದ್ಯಲ್ಲ. ಅದನ್ಯಾಕೆ ಹಾಳ್ಮಾಡ್ಲಿ?" ಅವಳು ಕಂಬಕ್ಕೆ ಒರಗಿ ಉಸಿರು ತೆಗೆದುಕೊಂಡಳು. "ನೀನ್ ಕೈ ಎತ್ತಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ ಕ್ಲಿಫ್. ಎಲ್ರೂ ಎತ್ತಿದ್ರಂತೆ. ಆದ್ರೆ ನನ್ನನ್ನ ಕೇಳಿ ಅಂದ್ಯಲ್ಲ. ಅವರೆಲ್ರ ಎದುರು ನಾನು ಏನ್ ಹೇಳೋಕಾಗ್ತಿತ್ತು? ನಿಂಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು," ಎಂದೆ. ಆ ದಿನ ನಾನು ಆಡಿದ ಒಂದೇ ಒಂದು ನೇರ ಮಾತು ಅದು. ಬಸ್ಸು ಬಂತು. ಅವಳು ಹತ್ತಿ ಕೂತು ಎಂದಿನಂತೆ ಕೈ ಬೀಸಿದಳು. ಬೀಸದಿದ್ದರೆ ಚೆನ್ನಾಗಿತ್ತು.

ಸತ್ಯ ಗುರುವಾರ ಬಯಲಾಯಿತು. ಹೆಂಗಸರ ಸಲೂನಿನಲ್ಲಿ ತಲೆಗೆ ಸುರುಳಿ ಹಾಕಿಸಿಕೊಂಡು ಕೂತಿದ್ದ ಬೆರಿಲ್‌ಳಿಗೆ ಪಕ್ಕದ ಕುರ್ಚಿಯಿಂದ ವಾಲ್ಟರನ ಹೆಂಡತಿ, "ನಿನ್ ಗಂಡನ ಭಾಷಣ ಕೇಳಿ ನಮ್ಮವನು ಕಣ್ಣೀರ್ ಹಾಕ್ದ. ಕ್ಲಬ್ ಉಳಿಸ್ದ ಪುಣ್ಯಾತ್ಮ," ಎಂದಳಂತೆ. ಬೆರಿಲ್ ಸುರುಳಿಗಳ ಸಮೇತ ತಲೆಗೆ ಬಟ್ಟೆ ಕಟ್ಟಿಕೊಂಡು ನೇರ ಮನೆಗೆ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿತ್ತು. ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕೂತಳು.

"ಎದ್ದ್ ನಿಂತ್ಕೊ. ಊರೆಲ್ಲ ಕೇಳಿದಾರೆ, ನಾನೂ ಕೇಳ್ತೀನಿ. ಶುರು ಮಾಡು."

"ಬೆರಿಲ್, ಅದು..."

"ಶುರು ಮಾಡು ಅಂದೆ."

ಒಲೆಯ ಪಕ್ಕ ನಿಂತು ಶುರು ಮಾಡಿದೆ. "ನಮ್ಮಪ್ಪಂದಿರು ಯುದ್ಧ ಮಾಡಿದ್ದು ಯಾಕೆ..."

"ನಿಮ್ಮಪ್ಪ ಯುದ್ಧದಲ್ಲಿ ಆಲೂಗಡ್ಡೆ ಸುಲೀತಿದ್ದ. ಮುಂದೆ?"

"ಬೆವರು ಸುರಿಸಿ ದುಡಿದೋನು ನೆಮ್ಮದಿಯಾಗಿ ಒಂದು ದಮ್ಮು..."

"ನಿನ್ ಕೋಟಿನ ವಾಸನೆ ಕ್ಲಬ್ಬಿಂದು, ಒಪ್ತೀನಿ. ಬೆರಳು ಹಳದಿಯಾಗಿದ್ದೂ ಕ್ಲಬ್ಬಿನ ಗಾಳಿಯಿಂದಲೋ? ಮುಂದೆ?"

ಮುಂದಿನದು ಗ್ಲೆಂಡಾಳ ಬಗ್ಗೆ ನಾನು ಆಡಿದ ಮಾತು.

"ಮುಂದೆ ಹೇಳು ಕ್ಲಿಫ್. ಅವಳ ವಿಷ್ಯ ಏನಂದೆ?"

ಹೇಳಲಾಗಲಿಲ್ಲ. ಎಪ್ಪತ್ತು ಜನರ ಮುಂದೆ ಅಷ್ಟು ಸಲೀಸಾಗಿ ಬಂದ ಮಾತು, ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸಿನ ಮುಂದೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಡಾಕ್ಟರು ಅವಳಿಗೆ ಎರಡು ತಿಂಗಳು ಬಾರ್ ಕಡೆ ತಲೆ ಹಾಕ್ಬೇಡ ಅಂದಿದಾರೆ," ಎಂದಳು ಬೆರಿಲ್. "ಬದಲಿಗೆ ಯಾರಾದ್ರೂ ಬಂದ್ರೆ ಮಾತ್ರ ಕೆಲ್ಸ ಉಳಿಯುತ್ತಂತೆ. ವಾಲ್ಟರ್‌ಗೆ ಫೋನ್ ಮಾಡಿದೀನಿ. ನೀನು ಸೋಮವಾರದಿಂದ ಹೋಗ್ತೀಯ."

ಇದರ ಬಗ್ಗೆಯೂ ನನ್ನ ಅಭಿಪ್ರಾಯ ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ಬಾರಿನ ಹಿಂದೆ ನಿಂತವರು ಸಿಗರೇಟು ಮುಟ್ಟುವಂತಿಲ್ಲ, ಅದು ವಾಲ್ಟರನ ಕಟ್ಟಪ್ಪಣೆ. ಊರೆಲ್ಲರ ಹೊಗೆ ನನ್ನ ಮೂಗಿಗೆ, ನನ್ನದೆಂಬ ಒಂದು ದಮ್ಮೂ ಇಲ್ಲ. ಮೊದಲ ವಾರದಲ್ಲೇ ಒಂದು ವಿಷಯ ಕಂಡುಹಿಡಿದೆ. ನಮ್ಮ ಕ್ಲಬ್ಬಿನವರು ಬಹಳ ಸಭ್ಯರು. ಎದುರಿಗೆ ಕೂತ ಗೆಳೆಯನ ಮುಖಕ್ಕೆ ಹೊಗೆ ಬಿಡುವುದಿಲ್ಲ, ಮುಖ ಪಕ್ಕಕ್ಕೆ ತಿರುಗಿಸಿ ಬಿಡುತ್ತಾರೆ. ಪಕ್ಕದಲ್ಲಿರುವುದು ಬಾರು. ಮೂವತ್ತು ವರ್ಷ ನಾನೂ ಹಾಗೇ ಸಭ್ಯನಾಗಿದ್ದೆ. ಅದರಲ್ಲಿ ಹತ್ತೊಂಬತ್ತು ವರ್ಷ ಆ ಸಭ್ಯತೆಯನ್ನೆಲ್ಲ ಗ್ಲೆಂಡಾ ನುಂಗಿದ್ದಳು.

ಮೂರನೇ ವಾರಕ್ಕೆ ಕಣ್ಣು ಕೆಂಪಾಯಿತು. ಐದನೇ ವಾರಕ್ಕೆ ಕೆಮ್ಮು ಶುರುವಾಯಿತು. ಗ್ಲೆಂಡಾ ಜೇನು ಹಾಕಿದ ಶುಂಠಿ ಕಷಾಯ ಕಳಿಸಿದಳು, ಜೊತೆಗೆ ಬಾರಿನ ಯಾವ ಮೂಲೆಯಲ್ಲಿ ನಿಂತರೆ ಬಾಗಿಲ ಗಾಳಿ ಸ್ವಲ್ಪ ಸಿಗುತ್ತದೆ ಎಂದು ಒಂದು ಚೀಟಿ. ಅದನ್ನು ಓದಿ ಮತ್ತೆ ನೆಲ ನೋಡಿದೆ.

ಡಿಸೆಂಬರ್‌ನಲ್ಲಿ ವಾಲ್ಟರ್ ಇನ್ನೊಂದು ಸಭೆ ಕರೆದ. ನಮ್ಮ ಕ್ಲಬ್ಬಿಗೆ ನಿಷೇಧ ಬೇಡವೆಂದು ಸಂಸತ್ ಸದಸ್ಯರಿಗೆ ಪತ್ರ ಹೋಗುವ ಮೊದಲು ಮತ್ತೊಮ್ಮೆ ಮತ ಬೇಕಂತೆ. ನಾನು ಎರಡು ದಿನ ಕೂತು, ಈ ಸಲ ನಾನೇ, ಒಂದು ಭಾಷಣ ಬರೆದೆ. ಹೋದ ಸಲ ಹೇಳಿದ್ದು ಸುಳ್ಳು, ಅದು ನನ್ನ ಹೇಡಿತನ ಎಂದೇ ಅದರ ಮೊದಲ ಸಾಲು. ಬೆರಿಲ್ ಓದಿ ಒಂದು ಅಲ್ಪವಿರಾಮ ಮಾತ್ರ ತಿದ್ದಿದಳು. ಸಭೆಯಲ್ಲಿ ಬಾರಿನ ಹಿಂದಿನಿಂದಲೇ ಕೈ ಎತ್ತಿದೆ.

"ವಾಲ್ಟರ್, ನಾನ್ ಮಾತಾಡ್ಬೇಕು."

"ಕೈ ಇಳಿಸಪ್ಪಾ ಕ್ಲಿಫ್," ಎಂದ ವಾಲ್ಟರ್ ನಯವಾಗಿ. "ಸಂಬಳಕ್ಕಿರೋರಿಗೆ ಸಭೇಲಿ ಮಾತೂ ಇಲ್ಲ, ಮತಾನೂ ಇಲ್ಲ. ಕ್ಲಬ್ಬಿನ ನಿಯಮ."

"ಹಾಗಾದ್ರೆ ಬಾರಲ್ಲಿ ಕೆಲ್ಸ ಮಾಡೋರ ಅಭಿಪ್ರಾಯ ಯಾರ್ ಹೇಳ್ಬೇಕು?"

"ಅದು ಹೋದ ಸಭೇಲೇ ಬಂದಿದೆಯಲ್ಲ ಮಾರಾಯ." ವಾಲ್ಟರ್ ಕನ್ನಡಕ ಏರಿಸಿ ನಡಾವಳಿ ಪುಸ್ತಕ ತೆರೆದು ಎಲ್ಲರಿಗೂ ಕೇಳುವಂತೆ ಓದಿದ. "'ಬಾರಿನ ಕೆಲಸದವರಲ್ಲಿ ಒಬ್ಬರೂ ದೂರಿಲ್ಲ. ಹೇಳಿದವರು: ಶ್ರೀ ಕ್ಲಿಫ್ ಹಾವರ್ತ್.' ಎಷ್ಟ್ ಚೆನ್ನಾಗ್ ಹೇಳಿದೀಯ ನೋಡು. ಇದಕ್ಕಿಂತ ಇನ್ನೇನ್ ಸೇರಿಸ್ತೀಯ? ಈ ಕಡೆಗೆ ಎರಡು ಪೈಂಟ್ ತಾ."

ಬಿಯರ್ ಸುರಿದು ತಂದೆ. ನಾನು ಮೇಜಿನ ಹತ್ತಿರ ತಲುಪುವ ಹೊತ್ತಿಗೆ ವಾಲ್ಟರ್ ಮತ ಕೇಳಿದ. ಕೈಗಳು ಮೇಲೆದ್ದವು. ನಿಷೇಧ ಬೇಕೆನ್ನುವವರು ಯಾರಾದರೂ ಇದ್ದರೆ ಅವರೂ ಎತ್ತಬಹುದು ಎಂದು ಅವನು ಔದಾರ್ಯದಿಂದ ಹೇಳಿ, ಸುತ್ತ ನೋಡಿ, ಸ್ವಲ್ಪ ಕಾದ. ಯಾರೂ ಎತ್ತಲಿಲ್ಲ. ನನ್ನ ಎರಡೂ ಕೈಯಲ್ಲಿ ಗ್ಲಾಸುಗಳಿದ್ದವು.