ಜಪಾನಿ ದೆವ್ವದ ಜಡೆ

ಲಾಲ್ ಅಹ್ಮದ್ ಸುಮ್ಮನೆ ಚಹಾ ಕುಡಿದು ಎದ್ದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆ ಐತವಾರ ಬೆಳಗ್ಗೆ, ಜಗತ್ ಸರ್ಕಲ್ಲಿನ ಹೋಟೆಲಿನಲ್ಲಿ, ಪಕ್ಕದ ಮನೆಯ ಗುಫ್ರಾನ್ ತಲೆ ಹಿಡಿದುಕೊಂಡು ಕೂತದ್ದು ಕಣ್ಣಿಗೆ ಬಿತ್ತು. ಗುಫ್ರಾನ್ ಕಮಲಾಪುರದ ಒಂದು ಶಾದಿಮಹಲಿನಲ್ಲಿ ಹೊಸದಾಗಿ ಐತವಾರಕ್ಕೊಂದು ಸಿನಿಮಾ ತೋರಿಸಲು ಶುರು ಮಾಡಿದ್ದ.

“ಇವತ್ತ ಮಧ್ಯಾಹ್ನ ಜಪಾನಿ ದೆವ್ವದ ಪಿಕ್ಚರ್ ಅದ ಚಾಚಾ. ಫೋಟೋ ನೋಡಿ ಮರುಳಾಗಿ ತರಿಸಿಬಿಟ್ಟೆ. ಕೆಳಗ ಅಕ್ಷರನೂ ಇಲ್ಲ. ಯಾರಿಗಿ ತಿಳಿತದ?”

“ನಾ ಹೇಳ್ತೀನಿ,” ಅಂದುಬಿಟ್ಟ ಲಾಲ್ ಅಹ್ಮದ್.

ಹಾಗೆ ಅನ್ನಲು ಅವನಿಗೆ ಹಕ್ಕಿತ್ತು. ನಲವತ್ತೈದು ವರ್ಷದ ಹಿಂದೆ ಕಮಲಾಪುರದ ಟೆಂಟಿಗೆ ಪರದೇಶದ ಚಿತ್ರ ಬಂದರೆ, ಪರದೆಯ ಎಡಮಗ್ಗುಲಿಗೆ ಮೈಕು ಹಿಡಿದು ನಿಂತು ಕತೆ ಹೇಳುತ್ತಿದ್ದವನು ಅವನೇ. ಜನ ಗೋಣಿಚೀಲ ಹಾಸಿ, ರೊಟ್ಟಿಗಂಟು ಬಿಚ್ಚಿ, “ಲಾಲ್ಯಾ ಬಂದಾನೇನು?” ಎಂದು ಕೇಳಿಕೊಂಡೇ ಕೂಡುತ್ತಿದ್ದರು. ಟೆಂಟು ಎದ್ದುಹೋಯಿತು. ಆಮೇಲೆ ಅವನು ಸೇರಿದ್ದು ಕಬ್ಬಿಣದಂಗಡಿ. ಅಲ್ಲಿ ಅವನ ಮಾತು ಕೇಳಿದ್ದು ಮೊಳೆಗಳಷ್ಟೇ.

“ಜನ ಕೊನಿ ತನಕ ಕೂತರ ಪ್ರತಿ ಐತವಾರ ಮೈಕ್ ನಿಮ್ದೇ,” ಅಂದ ಗುಫ್ರಾನ್. “ಆದರ ಪಿಕ್ಚರಿನಾಗ ಇದ್ದದ್ದೇ ಹೇಳಬೇಕು. ನಿಮ್ಮ ಮನಿ ಕತಿ ಸೇರಿಸಿದ್ರಿ ಅಂದ್ರ ಅವತ್ತೇ ಬಂದ್.”

ಗಂಟಲು ಸಾಫಾಗಲೆಂದು ಎರಡು ಲವಂಗ ಬಾಯಿಗೆ ಹಾಕಿಕೊಂಡು ಲಾಲ್ ಅಹ್ಮದ್ ಕಮಲಾಪುರದ ಬಸ್ಸು ಹತ್ತಿದ. ಟೆಂಟಿದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಅದರ ಮುಂದೆ ಒಂದು ನಿಮಿಷ ನಿಂತ. ಗಿರಾಕಿ ಅಂದುಕೊಂಡು ಒಳಗಿನವನು ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಂದ ಮೇಲೆ ಅಲ್ಲಿಂದ ಹೊರಟ.

ಶಾದಿಮಹಲಿನ ಕಿಟಕಿಗೆಲ್ಲ ಕಂಬಳಿ ಕಟ್ಟಿದ್ದರು. ಚಿತ್ರ ಶುರುವಾಯಿತು. ಏನು ಚೆಂದ, ಏನು ಚೆಂದ. ಬೀಳುವ ಹಿಮ, ಆ ಬಿಳಿಯಲ್ಲಿ ಒಂದೇ ಒಂದು ಕೆಂಪು ಕೊಡೆ, ಕಾಗದದ ಬಾಗಿಲು, ಅದರಾಚೆ ಹಿಮ್ಮಡಿ ತನಕ ಕೂದಲು ಬಿಟ್ಟ ಹೆಣ್ಣು. ಒಂದೊಂದು ನೋಟವೂ ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಂತಿತ್ತು. ತೊಂದರೆಯೆಂದರೆ, ಕ್ಯಾಲೆಂಡರಿನಂತೆಯೇ ಹನ್ನೆರಡು ಹಾಳೆ ತಿರುವಿದರೂ ಕತೆ ಸಿಗಲಿಲ್ಲ. ಬಾಗಿಲು ತೆರೆಯಿತು. ಮುಚ್ಚಿತು. ಹೆಣ್ಣು ಕೂದಲು ಬಾಚಿಕೊಂಡಳು. ಮತ್ತೆ ಬಾಗಿಲು ತೆರೆಯಿತು.

“ಇದೊಂದು ಮನಿ,” ಅಂದ ಲಾಲ್ ಅಹ್ಮದ್ ಮೈಕಿನಲ್ಲಿ. “ಇದು ಬಾಗಿಲ.”

“ಅದು ನಮಗೂ ಕಾಣ್ತದ,” ಅಂದ ಮುಂದಿನ ಸಾಲಿನಿಂದ ಕೆಂಪುಬಾಳೆ ತೋಟದ ನಿಂಗಣ್ಣ. “ಆಕಿ ಯಾಕ ಬಾಚ್ಕೊಳ್ಳಾಕತ್ತಾಳ, ಅದು ಹೇಳ್ರಿ.”

“ಎಣ್ಣಿನೇ ಇಲ್ಲಲ್ಲ ಆ ಕೂದಲಿಗಿ,” ಅಂದಳು ಅವನ ಹೆಂಡತಿ ಭೀಮಬಾಯಿ. “ಆ ಮನ್ಯಾಗ ಹೇಳೋರು ಕೇಳೋರು ಯಾರೂ ಇಲ್ಲೇನು?”

ಹಿಂದಿನ ಸಾಲಿನವರು ಚಪ್ಪಲಿ ಹುಡುಕತೊಡಗಿದ್ದರು. ಲಾಲ್ ಅಹ್ಮದ್ ಮೈಕನ್ನು ಬಾಯಿಗೆ ಒತ್ತಿ ಹಿಡಿದ. ಬಾಯಿ ತಾನೇ ತೆರೆಯಿತು.

“ಯಾರೂ ಇಲ್ಲ ತಂಗಿ. ಎಣ್ಣಿ ಹಚ್ಚಿ ಜಡಿ ಹಾಕ್ತಿದ್ದ ಅವ್ವ ಸತ್ತಳು. ಹಿಂದಿಂದೇ ಇಕಿನೂ ಹೋದಳು, ಬಿಟ್ಟ ಕೂದಲಿನ್ಯಾಗೇ. ಈಗ ಬಂದೋರಿಗೆಲ್ಲ ಬಾಚಣಿಕಿ ಚಾಚ್ತಾಳ, ಒಂದು ಜಡಿ ಹಾಕ್ರಿ ಅಂತಾಳ. ಎಲ್ಲರೂ ದೆವ್ವ ದೆವ್ವ ಅಂತ ಓಡ್ತಾರ.”

ಚಪ್ಪಲಿ ಹುಡುಕುವವರು ಮತ್ತೆ ಕೂತರು. ಗುಫ್ರಾನ್ ಬಂದು ಕಿವಿಯಲ್ಲಿ ಕೇಳಿದ, “ಚಾಚಾ, ಖರೆನೇ ಹಂಗದನೇನು ಪಿಕ್ಚರಿನಾಗ?”

“ಅಕ್ಷರ ಅಕ್ಷರ ಅಲ್ಲಿದ್ದದ್ದೇ,” ಅಂದ ಲಾಲ್ ಅಹ್ಮದ್, ಮೈಕಿಗೆ ಅಂಗೈ ಮುಚ್ಚಿ.

ಆಮೇಲೆ ಆ ನಲವತ್ತೈದು ವರ್ಷ ಎಲ್ಲಿ ಹೋದವೋ ಅವನಿಗೆ ತಿಳಿಯಲಿಲ್ಲ. ಪಾದದಡಿ ಟೆಂಟಿನ ಮರಳು ತಣ್ಣಗೆ ಹತ್ತಿದಂತಾಯಿತು. ಎಂದೋ ಮಣ್ಣಾದವರ ಕೆಮ್ಮು ಕೂಡ ಕತ್ತಲಲ್ಲಿ ಕೇಳಿದಂತಾಯಿತು. ಕೊಡೆ ಕಂಡರೆ ಕೊಡೆಗೊಂದು ಕತೆ, ಹಿಮ ಕಂಡರೆ ಹಿಮಕ್ಕೊಂದು ಕತೆ.

ಕೊನೆಗೆ ಹೆಣ್ಣಿನ ಬೆನ್ನ ಹಿಂದಿನ ಕತ್ತಲಿನಿಂದ ಒಂದು ಬಿಳಿ ಕೈ ಬಂದು ಭುಜದ ಮೇಲೆ ಕೂತಿತು. ಯಾರ ಕೈ, ಯಾಕೆ ಬಂತು, ಚಿತ್ರ ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ.

“ಅವ್ವ ಬಂದಳು,” ಅಂದ ಲಾಲ್ ಅಹ್ಮದ್ ಮೆಲ್ಲಗೆ.

ದೀಪ ಹಚ್ಚಿದಾಗ ಮಹಲಿನ ತುಂಬ ಸೆರಗು, ಟವೆಲು, ಕೆಂಪು ಮೂಗು. ಒಬ್ಬರೂ ಎದ್ದುಹೋಗಿರಲಿಲ್ಲ.

“ಏನ್ ಕತಿ ಬರ್ದಾರ ನೋಡ್ರಿ ಜಪಾನಿನವರು,” ಅಂದ ನಿಂಗಣ್ಣ ಕಣ್ಣೊರೆಸುತ್ತ. “ನಮ್ಮೋರಿಗಿ ಬರಲ್ಲ ಇದು.”

“ಈ ಮೈಕಿನ ಮುತ್ಯಾ ನಡುನಡುವ ಒದರದಿದ್ರ ಇನ್ನೂ ಸಮಾಧಾನದಿಂದ ಅಳ್ತಿದ್ದೆ,” ಅಂದಳು ಭೀಮಬಾಯಿ.

ಕತೆ ನಂದು ಅನ್ನಲು ಲಾಲ್ ಅಹ್ಮದ್ ಬಾಯಿ ತೆರೆದ. ಹಾಗಂದರೆ ಮೈಕು ಹೋಯಿತು. ಬಾಯಿ ಮುಚ್ಚಿದ.

ಗುಫ್ರಾನ್ ಓಡಿ ಬಂದು ಅವನ ಎರಡೂ ಕೈ ಹಿಡಿದು ಕುಲುಕಿದ. ಕುಲುಕುತ್ತಲೇ ಮೈಕನ್ನು ಬಿಡಿಸಿಕೊಂಡ.

“ನಾ ಸುಳ್ಳೇ ಅಂಜಿದ್ದೆ ಚಾಚಾ. ಇಷ್ಟು ಸಾಫ್ ಕತಿ ಇದ್ದಮ್ಯಾಲ ಹೇಳೋರು ಯಾಕ ಬೇಕು? ಮುಂದಿನ ಐತವಾರನೂ ಆ ಡೈರೆಕ್ಟರಂದೇ ಪಿಕ್ಚರ್ ತರಿಸ್ತೀನಿ. ನೀವು ಬರ್ರಿ, ಮುಂದಿನ ಕುರ್ಚಿ ನಿಮ್ದು. ಸುಮ್ನ ಆರಾಮ ಕೂತು ನೋಡ್ರಿ.”