ಎಲಾಸ್ಟಿನ್ ಅತ್ತೆ

ನಮ್ಮ ಸೋದರತ್ತೆಯ ಮುಂದೆ ಕೈ ಚಾಚುವ ಧೈರ್ಯ ಇಡೀ ಶಿಡ್ಲಘಟ್ಟದಲ್ಲಿ ಯಾರಿಗೂ ಇಲ್ಲ! ಚಾಚಿದಿರೋ, ಅಂಗೈ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಬಿಟ್ಟು, ಅದು ಎಷ್ಟು ಬೇಗ ಸ್ವಸ್ಥಾನ ಸೇರುತ್ತದೆ ಎಂದು ಕನ್ನಡಕ ಇಳಿಸಿ ನೋಡುತ್ತಾರೆ. ಆಮೇಲೆ ತೀರ್ಪು: "ಪರವಾಗಿಲ್ಲಪ್ಪಾ, ಒಳ್ಳೆ ಎಲಾಸ್ಟಿನ್ನು." ಹೂವಿನವಳು, ಗ್ಯಾಸಿನವನು, ಪುರೋಹಿತರು, ಯಾರಿಗೂ ವಿನಾಯಿತಿ ಇಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಪಾಠ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ಎಲಾಸ್ಟಿನ್ ಅಂದರೇನು ಎಂದು ಅವರನ್ನು ಕೇಳಬೇಡಿ, ಕಾಫಿ ಆರಿಹೋಗುತ್ತದೆ. ನಾನೇ ಹೇಳುತ್ತೇನೆ. ಚರ್ಮ, ಶ್ವಾಸಕೋಶ, ರಕ್ತನಾಳಗಳಲ್ಲಿರುವ ಒಂದು ಪ್ರೋಟೀನು. ಸುಮ್ಮನಿರುವಾಗ ಮುದುಡಿಕೊಂಡ ಎಳೆಗಳು, ಅಲ್ಲಲ್ಲಿ ಒಂದಕ್ಕೊಂದು ಗಂಟು. ಎಳೆದರೆ ನೀಳವಾಗುತ್ತವೆ, ಗಂಟು ಹಿಡಿದುಕೊಂಡಿರುವುದರಿಂದ ಜಾರುವುದಿಲ್ಲ, ಬಿಟ್ಟರೆ ಮತ್ತೆ ಮುದುಡುತ್ತವೆ. ದೇಹ ಇದನ್ನು ಚಿಕ್ಕಂದಿನಲ್ಲೇ ಮಾಡಿಟ್ಟುಬಿಡುತ್ತದೆ. ಆಮೇಲೆ ಹೆಚ್ಚುಕಡಿಮೆ ಅಂಗಡಿ ಬಂದ್!

ನಮ್ಮದು ರೇಷ್ಮೆಯ ಊರು. ಪಕ್ಕದ ಮನೆಯಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಸುವ ರೀಲರ್ ಸಾಹೇಬರಿದ್ದಾರೆ. ಅವರ ಜೊತೆ ಅತ್ತೆಯದು ನಿತ್ಯದ ಜಗಳ.

"ನಿಮ್ಮ ರೇಷ್ಮೇನೂ ಪ್ರೋಟೀನೇ ಸಾಹೇಬ್ರೇ. ಗಟ್ಟಿತನ ಇದೆ ನಿಜ, ಎಳೆದ್ರೆ ವಾಪಸ್ ಬರೋ ಬುದ್ಧಿ ಇಲ್ಲ!"

"ಮೇಡಂ, ನಮ್ದುಕ್ಕೆ ಮಾರ್ಕೆಟ್‌ನಲ್ಲಿ ರೇಟ್ ಐತೆ. ನಿಮ್ದುಕ್ಕೆ?"

"ನನ್ನ ಸರಕು ಹರಾಜಿಗೆ ಬರಲ್ಲ!"

ಗೌರಿಬಿದನೂರಿನ ನನ್ನ ಚಿಕ್ಕಮ್ಮ ಒಮ್ಮೆ ಎಲಾಸ್ಟಿನ್ ಇರುವ ಕ್ರೀಮು ಹಚ್ಚಿಕೊಂಡು ಬಂದರು. ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸಿಮೆಂಟ್ ಮೂಟೇನ ಗೋಡೆಗೆ ಒರಗಿಸಿಟ್ರೆ ಮನೆ ಗಟ್ಟಿಯಾಗುತ್ತೇನೇ?" ಎಂದರು. ಚಿಕ್ಕಮ್ಮ ಊಟ ಮಾಡದೆ ಬಸ್ಸು ಹತ್ತಿದರು.

ಇಂಥವರಿರುವ ಮನೆಗೆ ನನ್ನನ್ನು ನೋಡಲು ಚಿಂತಾಮಣಿಯಿಂದ ಗಂಡಿನ ಕಡೆಯವರು ಬಂದರು! ಹುಡುಗ ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚಿದ್ದೇ ತಡ, ಅತ್ತೆ ಚಿವುಟಿದರು. ಅವನಪ್ಪ ರೇಷ್ಮೆಗೂಡಿನ ವ್ಯಾಪಾರಿ. ಒತ್ತಿ ನೋಡದೆ ಗೂಡು ಕೊಳ್ಳದ ಜನ. ಅಭ್ಯಾಸಬಲದಿಂದ ಅವರ ಬಾಯಿಂದ ಬಂದೇಬಿಟ್ಟಿತು: "ಗಟ್ಟಿ ಗೂಡಮ್ಮ, ಡ್ಯಾಮೇಜ್ ಇಲ್ಲ!"

ಹುಡುಗನ ತಾಯಿಗೆ ರೇಗಿತು. "ಇದೆಂಥ ಪದ್ಧತಿ ಕಣಮ್ಮಾ?"

"ಹೆಣ್ಣನ್ನ ನಡೆಸಿ, ಹಾಡಿಸಿ ನೋಡ್ತೀರಲ್ಲ, ಗಂಡನ್ನ ಒಂದು ಸಲ ಚಿವುಟಿ ನೋಡಬಾರ್ದಾ?"

ಮದುವೆಯೇನೋ ಆಯಿತು. ಇವತ್ತಿಗೂ ಅತ್ತೆಯನ್ನು ಕಂಡರೆ ನನ್ನ ಗಂಡನ ಕೈ ತಾನಾಗಿ ಜೇಬು ಸೇರುತ್ತದೆ.

ಹೋದ ವರ್ಷ ಅತ್ತೆಗೆ ಎದೆನೋವು ಬಂತು. ಚಿಕ್ಕಬಳ್ಳಾಪುರದ ಡಾಕ್ಟರು ಸ್ಕ್ಯಾನ್ ನೋಡಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಎಲಾಸ್ಟಿನ್ ಸೋತಿದೆ, ನಾಳ ಉಬ್ಬಿದೆ, ಒಡೆದರೆ ಜೀವಕ್ಕೇ ಅಪಾಯ ಎಂದರು. ಆ ತುಂಡನ್ನು ತೆಗೆದು ನೇಯ್ದ ಕೊಳವೆ ಹೊಲಿಯಬೇಕಂತೆ. ಈ ವಯಸ್ಸಿಗೆ ಆಪರೇಷನ್ನೂ ಅಪಾಯವೇ, ಯೋಚಿಸಿ ಅಂದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ:

"ಯಾವ ನೂಲು?"

"ಪಾಲಿಯೆಸ್ಟರ್ ಅಮ್ಮ."

"ಶಿಡ್ಲಘಟ್ಟದೋಳಿಗೆ ಪಾಲಿಯೆಸ್ಟರಾ!"

ಮನೆಗೆ ಬಂದ ಮೇಲೆ ಅಪ್ಪ ಮೆಲ್ಲಗೆ, "ಈ ವಯಸ್ಸಲ್ಲಿ ಕುಯ್ಯಿಸ್ಕೋಬೇಕಾ ಅಕ್ಕಾ? ಇದ್ದಷ್ಟು ದಿನ ಇರು" ಎಂದರು. ಅತ್ತೆ ಕೆರಳಿದರು.

"ಇದ್ದಷ್ಟು ದಿನ ಅಂತೆ! ಚಿಕ್ಕಂದಿನಲ್ಲಿ ಒಂದೇ ಸಲ ಕೊಟ್ಟ ಎಳೆ ಕಣೋ, ಎಪ್ಪತ್ತು ವರ್ಷ ಹಿಗ್ಗಿ ಕುಗ್ಗಿ ದುಡಿದಿದೆ. ಅದು ಇಷ್ಟು ದಿನ ನನ್ನ ಕೈ ಬಿಟ್ಟಿಲ್ಲ, ನಾನು ಬಿಟ್ಬಿಡ್ಲಾ? ಹೋಗ್ತೀನಿ, ವಾಪಸ್ ಬರ್ತೀನಿ. ಜೀವಮಾನವೆಲ್ಲ ಹೇಳಿಕೊಟ್ಟಿದ್ದೇ ಆ ಪಾಠ!"

ಆಪರೇಷನ್ನಿಗೆ ಹೊರಟ ದಿನ ರೀಲರ್ ಸಾಹೇಬರು ಗೇಟಿನ ತನಕ ಬಂದು, ಮೊದಲ ಬಾರಿಗೆ ತಾವಾಗಿಯೇ ಕೈ ಚಾಚಿದರು. "ನೋಡಿ ಮೇಡಂ." ಅತ್ತೆ ಚಿವುಟಿ, "ಫಸ್ಟ್ ಕ್ಲಾಸ್" ಅಂದು ಕಾರು ಹತ್ತಿದರು.

ಆಪರೇಷನ್ ಆದ ಮರುದಿನ ನನ್ನೊಬ್ಬಳನ್ನು ಒಳಗೆ ಬಿಟ್ಟರು. ಇಡೀ ಊರನ್ನು ಹೆದರಿಸಿದವರು ವೈರುಗಳ ನಡುವೆ ಕಣ್ಣು ಮುಚ್ಚಿ ಮಲಗಿದ್ದರು. ಇಷ್ಟು ಚಿಕ್ಕವರಾ ಇವರು ಅನ್ನಿಸಿತು. ಮಾತಾಡಿಸಲು ಹೆದರಿಕೆ. ಏನು ತೋಚಿತೋ, ಅವರ ಕೈಯ ಹಿಂಭಾಗದ ಚರ್ಮವನ್ನು ಮೆತ್ತಗೆ ಎತ್ತಿ ಬಿಟ್ಟೆ. ಮಡಿಕೆ ಹಾಗೇ ನಿಂತಿತು.

"ಬಂತಾ?" ಕಣ್ಣು ತೆರೆಯದೆಯೇ ಅತ್ತೆ ಕೇಳಿದರು.

"ಬರ್ತಾ ಇದೆ ಅತ್ತೆ."

"ನಿಧಾನಕ್ಕೆ ಬರುತ್ತೆ. ಅಲ್ಲೀವರೆಗೂ ಕೈ ಹಿಡ್ಕೊಂಡಿರು ಕಣೇ."