ಮೂರು ದೇಶದವರು ನಮ್ಮ ಶೆಡ್ಡಿಗೆ ಬಂದಾಗ

ಹೊಲಿಗೆ ಕಲಿಸುವ ಕೇಂದ್ರ ತೆರೆಯುತ್ತೇನೆ ಅಂದಾಗ ನನ್ನ ಗಂಡನ ಅಣ್ಣ ಮಗ್ಗದ ಮುಂದೆ ಕೂತಲ್ಲಿಂದಲೇ ತೀರ್ಪು ಕೊಟ್ಟಿದ್ದರು: "ಇವಳಾ? ಇವಳು ನಾಲ್ಕು ಜನಕ್ಕೆ ಕೆಲಸ ಕಲಿಸ್ತಾಳಾ? ಪೊಂಗಲ್ ಬರೋದರೊಳಗೆ ಬಾಗಿಲು ಹಾಕ್ತಾಳೆ, ನೋಡ್ತಿರಿ." ನಾನು ಹೊಲಿಯುತ್ತಿದ್ದ ತಿರುಪ್ಪೂರಿನ ಬನಿಯನ್ ಕಂಪೆನಿಯ ಸೂಪರ್‌ವೈಸರ್ ಇನ್ನೂ ಚುಟುಕಾಗಿ ಮುಗಿಸಿದರು: "ಅಕ್ಕಾ, ನಿಮಗ್ಯಾಕೆ ಇದೆಲ್ಲ?"

ಆಡಿದವರಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಮಿಳು ಓದುವುದನ್ನು ಟೌನ್ ಬಸ್ಸಿನ ಬೋರ್ಡುಗಳಿಂದ ಕಲಿತೆ. ಮನೆಮಾತು ಕನ್ನಡವಾದರೂ ನಮ್ಮ ನೇಕಾರರ ಬೀದಿಯಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಮೈಸೂರು ಕಡೆಯಿಂದ ಬಂದು ಬಾಡಿಗೆಗಿದ್ದವರು ಬಿಟ್ಟುಹೋದ ವಾರಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಗೊತ್ತಿರುವ ಮಾತಿಗೆ ಗೊತ್ತಿಲ್ಲದ ಅಕ್ಷರ ಜೋಡಿಸುತ್ತಾ ಹಠದಿಂದ ಕಲಿತೆ.

ಆ ವರ್ಷಗಳಲ್ಲಿ ಯುರೋಪಿನ ಮೂರು ದೇಶಗಳ ಸಂಸ್ಥೆಗಳು ಸೇರಿ ಒಂದು ಯೋಜನೆ ಹಾಕಿಕೊಂಡಿದ್ದವು. ಅಲ್ಲಿ ಕೆಲಸ ಕಳೆದುಕೊಂಡವರಿಗೆ, ಯಾರೂ ಕೆಲಸಕ್ಕೆ ಕರೆಯದವರಿಗೆ ಹೊಲಿಗೆ ಕಲಿಸುವುದು. ಜೊತೆಗೆ ನಮ್ಮ ಕಡೆಯ ಒಂದು ಕೇಂದ್ರವನ್ನೂ ಸೇರಿಸಿಕೊಂಡು ಪರಸ್ಪರ ಕಲಿಯುವುದು. ಆ ಕೇಂದ್ರ ಕೊಯಮತ್ತೂರು ಪಕ್ಕದ ಅನ್ನೂರಿನಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ತಗಡಿನ ಶೆಡ್ಡು. ಹೊಲಿಗೆ ಯಂತ್ರಗಳನ್ನು ಅವರೇ ಕೊಟ್ಟರು, ಒಂದು ಕರಾರಿನ ಮೇಲೆ. ಮೂರು ವರ್ಷ ಸರಿಯಾಗಿ ನಡೆಸಿದರೆ ಯಂತ್ರಗಳು ನಮ್ಮವು. ಇಲ್ಲದಿದ್ದರೆ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಆ ಲಾರಿ ಮೂರು ವರ್ಷವೂ ನನ್ನ ಕಣ್ಣೆದುರು ನಿಂತೇ ಇತ್ತು. ಅಷ್ಟು ದೂರದವರೂ ನಾವೂ ಒಂದೇ ಸೂರಿನಡಿ ಸೇರಿದ ಮೇಲೆ ಏನಾದರೊಂದು ಆಗುತ್ತಲೇ ಇತ್ತು.

ನೂಲಿನ ಉಂಡೆ

ಮೊದಲ ತರಬೇತಿಗೆ ಎತ್ತರದ ಒಬ್ಬ ಮೇಡಮ್ ಬಂದರು. ಇಂಗ್ಲಿಷನ್ನು ನಮಗೆ ತಿಳಿಸಲು ಜೊತೆಗೆ ಮೈಸೂರಿನ ಹುಡುಗಿ. ಕೊಯಮತ್ತೂರಿನ ಆಫೀಸೊಂದರಲ್ಲಿ ಕೆಲಸ ಅವಳಿಗೆ. ಮೇಡಮ್ ಕಲಿಯಲು ಸೇರಿದ್ದ ಹೆಂಗಸರನ್ನೂ ನನ್ನನ್ನೂ ದುಂಡಗೆ ನಿಲ್ಲಿಸಿ ಒಂದು ದೊಡ್ಡ ನೂಲಿನ ಉಂಡೆ ಕೊಟ್ಟರು. ಒಬ್ಬರು ಎಳೆಯ ತುದಿ ಹಿಡಿದು ಉಂಡೆಯನ್ನು ಇನ್ನೊಬ್ಬರಿಗೆ ಎಸೆಯಬೇಕು, ಅವರು ಮತ್ತೊಬ್ಬರಿಗೆ. ಕೊನೆಗೆ ನಡುವೆ ಬಲೆಯ ಹಾಗಾಯಿತು. "ನೋಡಿ, ನಾವೆಲ್ಲ ಹೀಗೆ ಒಬ್ಬರಿಗೊಬ್ಬರು ಸಂಬಂಧಪಟ್ಟವರು. ಈಗ ಕೈ ಬಿಡಿ, ಮುಂದಿನ ಪಾಠಕ್ಕೆ ಹೋಗೋಣ" ಅಂದರು ಮೇಡಮ್.

ಕೈ ಬಿಟ್ಟೆವು. ನೂಲು ನೆಲದ ಮೇಲೆ ಗೋಜಲಾಗಿ ಬಿತ್ತು. ಯಾರೂ ಮುಂದಿನ ಪಾಠಕ್ಕೆ ಹೋಗಲಿಲ್ಲ. ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವರು ನಾವು; ಸಿಕ್ಕು ಬಿದ್ದ ನೂಲನ್ನು ದಾಟಿ ಹೋಗಲು ಕಾಲೇ ಬರುವುದಿಲ್ಲ. ಎಲ್ಲರೂ ಸುತ್ತ ಕೂತು ಎಳೆ ಹುಡುಕತೊಡಗಿದರು. ಮೇಡಮ್ ಗಡಿಯಾರ ನೋಡಿದರು, ಕೆಮ್ಮಿದರು, ಹಲಗೆಯ ಮೇಲೆ ಏನೋ ಬರೆದು ಅಳಿಸಿದರು. ಕೊನೆಗೆ ಮೈಸೂರಿನ ಹುಡುಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಮುಂದಿನದು ಸಂಬಂಧ ಬೆಳೆಸೋ ಪಾಠವಂತೆ, ಶುರು ಮಾಡೋಣ್ವಾ?"

ನಮ್ಮಲ್ಲೇ ಹಿರಿಯಳಾದ್ದರಿಂದ ಎಲ್ಲರೂ ಪಾಟಿ, ಅಂದರೆ ಅಜ್ಜಿ, ಅನ್ನುತ್ತಿದ್ದವಳು ತಲೆ ಎತ್ತಲಿಲ್ಲ. "ಸಂಬಂಧ ಆಮೇಲೆ ನೋಡ್ಕೊಳ್ಳೋಣ, ನನ್ನ ಕಣ್ಣೇ. ಆಯಮ್ಮನ್ನೂ ಕೂರೋಕೆ ಹೇಳು, ಈ ತುದಿ ಹಿಡೀಲಿ."

ಸಂಜೆಯವರೆಗೂ ಮೇಡಮ್ ತುದಿ ಹಿಡಿದರು.

ಬೇವಿನ ಮರದ ಗಂಡಂದಿರು

ನಮ್ಮ ಹೆಂಗಸರನ್ನು ಕರೆದುಕೊಂಡು ಹೋಗಲು ಗಂಡಂದಿರು ಹೊತ್ತಿಗೆ ಮುಂಚೆಯೇ ಬಂದು, ಹೊರಗಿನ ಬೇವಿನ ಮರದಡಿ ಮೊಪೆಡ್ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದರು. ನಾನು ಎಷ್ಟು ಬೈದರೂ ನಿಲ್ಲಿಸಿರಲಿಲ್ಲ. ಎರಡನೆಯ ಸಲ ಯುರೋಪಿನಿಂದ ಬಂದ ದೊರೆಯೊಬ್ಬರು ಇದನ್ನು ನೋಡಿ, ಅವರನ್ನು ಹೊರಗೆ ನಿಲ್ಲಿಸುವುದು ತಪ್ಪು, ಎಲ್ಲರನ್ನೂ ಒಳಗೊಳ್ಳುವುದೇ ಯೋಜನೆಯ ಉದ್ದೇಶ ಅಂತ ಖುದ್ದಾಗಿ ಹೋಗಿ ಕರೆತಂದರು.

ಬಂದರು. ಮೀಸೆ ತಿರುವಿಕೊಂಡೇ ಬಂದರು. ನಮ್ಮವಳೊಬ್ಬಳು ತನ್ನ ಗಂಡನ ಕೈಗೆ ಪುಟ್ಟ ಕತ್ತರಿ ಕೊಟ್ಟು, ಒಂದು ರಾಶಿ ಬನಿಯನ್ ಮುಂದೆ ಸುರಿದಳು. "ಸುಮ್ಮನೆ ಕೂರಬೇಡಿ, ಉಳಿದ ದಾರದ ತುದಿ ಕತ್ತರಿಸಿ. ಬಟ್ಟೆ ತೂತಾದರೆ ಮನೇಲಿ ಮಾತಾಡೋಣ." ಉಳಿದವರಿಗೂ ಕತ್ತರಿ ಸಿಕ್ಕಿತು.

ಮಾರನೆಯ ದಿನದಿಂದ ಹಾರ್ನ್ ಇಲ್ಲ. ಮೊಪೆಡ್‌ಗಳೆಲ್ಲ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದವು.

ಬಾಣದ ಸ್ಟಿಕ್ಕರ್

ಯುರೋಪಿನ ಕೇಂದ್ರದವರು ಸ್ನೇಹದ ಗುರುತಿಗೆ ಅಂತ ತಾವೇ ಹೊಲಿದ ಒಂದು ಅಡುಗೆಮನೆ ಏಪ್ರನ್ ಕಳಿಸಿದರು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ನಡುವಯಸ್ಸಿನ ಜನ ಕಲಿತು ಹೊಲಿದ ಮೊದಲ ಉಡುಪಂತೆ. ಅದನ್ನು ಗೋಡೆಗೆ ತೂಗುಹಾಕಿ ಅಂತ ಹೇಳಿ ನಾನು ಬ್ಯಾಂಕಿಗೆ ಹೋದೆ.

ಬನಿಯನ್ ಕಂಪೆನಿಗಳಲ್ಲಿ ಚೆಕಿಂಗ್ ಮೇಜು ಅಂತ ಇರುತ್ತದೆ. ಹೊಲಿಗೆ ತಪ್ಪಿದ ಕಡೆ ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, ಹೊಲಿದವರಿಗೆ ವಾಪಸ್ ಎಸೆಯುವುದು ಅಲ್ಲಿನ ಕೆಲಸ. ನಮ್ಮಲ್ಲಿ ಮೂವರು ವರ್ಷಗಟ್ಟಲೆ ಆ ಕೆಲಸ ಮಾಡಿದವರು. ಬಟ್ಟೆ ಕೈಗೆ ಬಂದರೆ ಅವರ ಕಣ್ಣು ಬೇರೆ ಯಾರ ಮಾತೂ ಕೇಳುವುದಿಲ್ಲ.

ನಾನು ವಾಪಸ್ ಬಂದಾಗ ಗೋಡೆ ಖಾಲಿ. "ಏಪ್ರನ್ ಎಲ್ಲಿ?"

"ಆಲ್ಟರೇಷನ್‌ಗೆ ಅಂತ ಹೊಲಿದವರಿಗೇ ವಾಪಸ್ ಕಳಿಸಿದ್ವಿ ಅಕ್ಕಾ. ಜೇಬು ಓರೆ, ಪಟ್ಟಿ ಉದ್ದಗಿಡ್ಡ, ಕೆಳಗೆ ಹೊಲಿಗೆ ಬಿಟ್ಟುಹೋಗಿತ್ತು. ಎಲ್ಲಾ ಕಡೆ ಸ್ಟಿಕ್ಕರ್ ಹಾಕಿದೀವಿ, ಅವರಿಗೆ ಕಷ್ಟ ಆಗಲ್ಲ."

"ಅಯ್ಯೋ, ಅದು ಉಡುಗೊರೆ ಕಣ್ರೇ!"

"ಉಡುಗೊರೆಯಾದರೆ ಇನ್ನೂ ನೀಟಾಗಿ ಇರಬೇಕಲ್ಲಕ್ಕಾ."

ನನ್ನ ಕಿವಿಯಲ್ಲಿ ಲಾರಿಯ ಸದ್ದು ಕೇಳಿಸಿತು. ಯಂತ್ರಗಳು ಹೋದವು ಅಂತಲೇ ಅಂದುಕೊಂಡೆ. ಬಹಳ ದಿನಗಳ ಮೇಲೆ ಪಾರ್ಸೆಲ್ ಬಂತು. ಅದೇ ಏಪ್ರನ್, ಪ್ರತಿಯೊಂದು ತಪ್ಪೂ ತಿದ್ದಿ, ಇಸ್ತ್ರಿ ಹಾಕಿ. ಜೊತೆಗಿದ್ದ ಚೀಟಿಯನ್ನು ಮೈಸೂರಿನ ಹುಡುಗಿ ಓದಿದಳು: "ದಯವಿಟ್ಟು ಇನ್ನೊಮ್ಮೆ ನೋಡಿ ಹೇಳಿ."

ನೋಡಿದರು. ಇನ್ನೊಂದು ಸ್ಟಿಕ್ಕರ್ ಅಂಟಿಸಿದರು. ಆ ಸಲ ಏಪ್ರನ್ ಬೀರುವಿನೊಳಗೇ ಉಳಿಯಿತು, ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಪೂಜೆಗೆ ಇಟ್ಟದ್ದು

ಮೂರು ವರ್ಷ ಮುಗಿಯಿತು. ಯಂತ್ರಗಳು ನಮಗೋ ಲಾರಿಗೋ ಅಂತ ತೀರ್ಮಾನಿಸಲು ಡಾಕ್ಟರೇಟ್ ಮಾಡಿದ ಒಬ್ಬ ದೊಡ್ಡ ಮೇಡಮ್ ಬರುವುದಾಯಿತು. ಯಂತ್ರ ಓಡುವುದನ್ನು ಅವರು ಕಣ್ಣಾರೆ ನೋಡಬೇಕು, ಅದೇ ದಿನ ಅವರೂ ನಾನೂ ಎದುರುಬದುರು ಕೂತು ಸಹಿ ಹಾಕಬೇಕು. ಅವರು ಆರಿಸಿಕೊಂಡು ಬಂದ ದಿನ ಆಯುಧಪೂಜೆ.

ಆ ದಿನ ಯಂತ್ರಗಳಿಗೆ ಗಂಧ, ಕುಂಕುಮ, ಹೂವು. ಪುಸ್ತಕ, ಪೇನಾ, ಕತ್ತರಿ ಎಲ್ಲ ದೇವರ ಮುಂದೆ. ಮಾರನೆಯ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಒಂದನ್ನೂ ಮುಟ್ಟುವ ಹಾಗಿಲ್ಲ. "ಒಂದೇ ಒಂದು ಯಂತ್ರ ಓಡಿಸ್ರೇ" ಅಂತ ನಾನು ಕೇಳಿದ್ದಕ್ಕೆ ಪಾಟಿ, "ನಿನಗೆ ವರ್ಷಕ್ಕೊಂದು ದಿನ ರಜೆ ಕೊಟ್ಟು, ಅವತ್ತೂ ಕೆಲಸಕ್ಕೆ ಕರೆದರೆ ಬರ್ತೀಯಾ?" ಅಂದಳು.

ಮೇಡಮ್ ಬಂದರು. ಹೂವು ಮುಡಿದ ಯಂತ್ರಗಳನ್ನು ನೋಡಿ ಖುಷಿಯಾಗಿ, ನನ್ನ ಸಾಮಾನಿಗೂ ಮಾಡುತ್ತೀರಾ ಅಂತ ಕೇಳಿದರು. ನಮ್ಮವರಿಗೆ ಅಷ್ಟೇ ಸಾಕಾಯಿತು. ಕ್ಯಾಮರಾ, ಲ್ಯಾಪ್‌ಟಾಪ್, ಪೇನಾಗಳು, ಎಲ್ಲಕ್ಕೂ ಕುಂಕುಮವಿಟ್ಟು ಮಂಗಳಾರತಿ ಆಯಿತು. ಆಮೇಲೆ ಮೇಡಮ್ ಕೈ ಚಾಚಿದರು. ಯಾರೂ ಕೊಡಲಿಲ್ಲ.

"ನಾಳೆವರೆಗೂ ಮುಟ್ಟೋ ಹಾಗಿಲ್ಲ ಅಂತ ಮೇಡಮ್‌ಗೆ ಮೊದಲೇ ಹೇಳಲಿಲ್ವಾ?" ಅಂದೆ.

"ನೀವು ಹೇಳಿರ್ತೀರಿ ಅಂದ್ಕೊಂಡೆ" ಅಂದಳು ಮೈಸೂರಿನ ಹುಡುಗಿ, ಅಳುವ ಹಾಗಾಗಿ.

ಫೋಟೋ ಇಲ್ಲ, ಬರೆಯುವಂತಿಲ್ಲ. ಮೇಡಮ್ ಚಾಪೆಯ ಮೇಲೆ ಕೂತರು. ಪೊರಿ ಅನ್ನುವ ಮಂಡಕ್ಕಿ, ಕಡಲೆ, ಬೆಲ್ಲ ತಿನ್ನುತ್ತಾ ಇಡೀ ಮಧ್ಯಾಹ್ನ ನಮ್ಮವರ ಮಾತು ಕೇಳಿದರು. ಯಾರು ಎಲ್ಲಿ ಕೆಲಸಕ್ಕೆ ಸೇರಿದಳು, ಯಾರು ಸ್ವಂತ ಯಂತ್ರ ಕೊಂಡಳು, ಯಾರು ಗಂಡನ ಬಾಯಿ ಮುಚ್ಚಿಸಿದಳು. ಸಂಜೆ ರೈಲಿಗೆ ಹೊತ್ತಾದಾಗ ಎದ್ದು, "ನನಗೆ ಸಾಕು. ಸಹಿ ಹಾಕೋಣ" ಅಂದರು.

ಪೇನಾ? ದೇವರ ಮುಂದೆ. ಅಂಗಡಿಗಳು ಮುಚ್ಚಿದ್ದವು. ಕಾರಿನ ಡ್ರೈವರಣ್ಣನ ಪೇನಾ ಅವರ ಮನೆಯ ದೇವರ ಮುಂದೆ. ಪಾಟಿ ಕುಂಕುಮದ ತಟ್ಟೆಗೆ ನೀರು ಚಿಮುಕಿಸಿ ತಂದಿಟ್ಟು, "ಒತ್ತಿ" ಅಂದಳು. ಮೇಡಮ್ ಒಂದು ಗಳಿಗೆ ನೋಡಿ, ನಕ್ಕು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು.

ನನ್ನ ಸರದಿ. ನಾನು ಒತ್ತಲಿಲ್ಲ. "ನಾನು ಹೆಬ್ಬೆಟ್ಟು ಒತ್ತುವವಳಲ್ಲ."

"ಅಕ್ಕಾ, ರೈಲು!" "ಅಕ್ಕಾ, ಲಾರಿ!" ಅಂತ ಎಲ್ಲರೂ ಕೂಗಿದರು.

ತೋರುಬೆರಳನ್ನು ಕುಂಕುಮದಲ್ಲಿ ಅದ್ದಿ, ನನ್ನ ಹೆಸರನ್ನು ಕನ್ನಡದಲ್ಲಿ, ಒತ್ತಕ್ಷರ ಬಿಡದೆ ಪೂರ್ತಿ ಬರೆದೆ. ಅರ್ಧ ಪುಟ ಹಿಡಿಯಿತು. ಮೇಡಮ್ ತಮ್ಮ ಸಾಮಾನನ್ನು ಬೆಳಗಾಗುವವರೆಗೆ ತೆರೆಯುವುದಿಲ್ಲ ಅಂತ ಪಾಟಿಗೆ ಮಾತು ಕೊಟ್ಟು, ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೊರಟರು.

ಅವರ ದೊಡ್ಡ ಆಫೀಸಿನಿಂದ ಉತ್ತರ ಬಂತು. ಯಂತ್ರಗಳು ನಮ್ಮವು. ಆದರೆ ಕೊನೆಯಲ್ಲಿ ಒಂದು ಸಾಲು: ಬರೆದಿರುವ ಹೆಸರು ನಿಮ್ಮ ದುಭಾಷಿಯದೆಂದು ತಿಳಿದಿದ್ದೇವೆ, ಹೆಬ್ಬೆಟ್ಟು ಒತ್ತಿದ ಮಹಿಳೆಗೂ ಆದಷ್ಟು ಬೇಗ ಓದುಬರಹ ಕಲಿಸಬೇಕಾಗಿ ಕೋರಿಕೆ.

ಅದನ್ನು ನಾನು ಹಾಗೆಯೇ ಮೇಡಮ್‌ಗೆ ಕಳಿಸಿದೆ. ಅವರು ಒಂದೇ ಮಾತು ಬರೆದರು: "ಕಲಿಯುತ್ತಿದ್ದೇನೆ."

ಈಗ ಶೆಡ್ಡು ನನ್ನದು, ಅದರ ಕೆಳಗಿನ ನೆಲ ನನ್ನದು, ಯಂತ್ರಗಳೆಲ್ಲ ನಮ್ಮ ಹೆಂಗಸರ ಸಂಘದ್ದು. ಇದಕ್ಕೆ ತೆತ್ತದ್ದು ತವರಿನವರು ಹಾಕಿದ ಚಿನ್ನದ ಬಳೆಗಳು, ಯಂತ್ರಗಳ ಸದ್ದಿಗೆ ಮಂದವಾದ ಎಡಗಿವಿ, ಮತ್ತು ಅಮ್ಮನ ಕೊನೆಯ ಬೇಸಿಗೆ. ಅವಳು ಬಾ ಅಂದಾಗಲೆಲ್ಲ ಈ ಬ್ಯಾಚ್ ಮುಗಿಯಲಿ ಅಂದಿದ್ದೆ.